ಮಡ್ಡಿ ಹೊಲದ ರೋಶಾ, ಶೀಷೆಗಿಳಿದ ಗುಡ್ಡ

ಕಲಬುರಗಿ ಸೀಮೆಗೆ ಅತ್ತರ್ ಹೊಸದಲ್ಲ. ಖ್ವಾಜಾ ಬಂದೇನವಾಜರ ಉರುಸು ಶುರುವಾಗುವುದೇ ಸಂದಲ್ ಮೆರವಣಿಗೆಯಿಂದ. ಕಿವಿಯ ಮಡಿಕೆಯಲ್ಲಿ ಅತ್ತರಿನ ಹತ್ತಿ ಇಟ್ಟುಕೊಂಡು ಮದುವೆಗೆ ಹೊರಡುವ ಹಿರಿಯರು ಇಲ್ಲಿ ಇನ್ನೂ ಇದ್ದಾರೆ. ಹೊಸದಾಗಿ ಬಂದಿರುವುದು ‘ಬೆಟ್ಟದ ನೈಸರ್ಗಿಕ ಸುಗಂಧ’ ಎಂಬ ವ್ಯಾಪಾರ. ಹಿಮಾಲಯದ ದೇವದಾರು, ಮಲೆನಾಡಿನ ಮಳೆ, ನೀಲಗಿರಿಯ ಮಂಜು ಎಂದೆಲ್ಲ ಹೆಸರಿಟ್ಟ ಪುಟ್ಟ ಶೀಷೆಗಳು ಆನ್‌ಲೈನ್‌ನಲ್ಲಿ ಒಳ್ಳೆಯ ಬೆಲೆಗೆ ಹೋಗುತ್ತಿವೆ. ಸುಗಂಧ ಬೆಳೆಗಳಿಗೆಂದು ಕೇಂದ್ರದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ (ಸಿಎಸ್ಐಆರ್) 2017ರಲ್ಲಿ ಅರೋಮಾ ಮಿಷನ್ ಆರಂಭಿಸಿತು. ಅಂದಿನಿಂದ ‘ಹುಲ್ಲು ಹಾಕಿ, ಎಣ್ಣೆ ತೆಗೆಯಿರಿ’ ಎಂಬ ಮಾತು ನಮ್ಮ ರೈತರ ಕಿವಿಗೂ ಬೀಳುತ್ತಿದೆ. ಹಾಗಾದರೆ ಚಿಂಚೋಳಿಯ ಕುರುಚಲು ಕಾಡು, ಬೀದರಿನ ಜಂಬಿಟ್ಟಿಗೆ ದಿಬ್ಬ, ಯಾದಗಿರಿ–ಸುರಪುರದ ಕಲ್ಲುಗುಡ್ಡಗಳಿಂದ ಶೀಷೆಗೆ ಇಳಿಯುವಂಥದ್ದು ಏನಿದೆ? ಇಳಿಸಿದರೆ ಯಾರಿಗೆ ಲಾಭ?

ಗುಡ್ಡ ಹತ್ತಿ ಗಿಡ ಕಿತ್ತು ತಂದರೆ ಈ ಉದ್ಯೋಗ ನೆಲೆ ನಿಲ್ಲುವುದಿಲ್ಲ. ಗುಡ್ಡದ ಬುಡದ ಮಡ್ಡಿ ಜಮೀನಿನಲ್ಲಿ ಬೆಳೆದರೆ ನೆಲೆ ನಿಲ್ಲುತ್ತದೆ, ಅದೂ ಹಬೆಯಲ್ಲಿ ಎಣ್ಣೆ ಇಳಿಸುವ ಬಟ್ಟಿ ಊರಲ್ಲೇ ಇದ್ದರೆ ಮಾತ್ರ. ಈ ಮೂರು ಜಿಲ್ಲೆಗಳಲ್ಲಿ ಗಿಡಕ್ಕೂ ಜಮೀನಿಗೂ ಕೊರತೆಯಿಲ್ಲ. ಎಡವುವುದು ಬಟ್ಟಿಯ ಲೆಕ್ಕದಲ್ಲಿ.

ಒಣ ಗುಡ್ಡದ ಹುಲ್ಲು

ದಖ್ಖನ್ನಿನ ಒಣ ಇಳಿಜಾರುಗಳ ಮೂಲನಿವಾಸಿ ರೋಶಾ ಹುಲ್ಲು. ಮಾರುಕಟ್ಟೆಯಲ್ಲಿ ಇದಕ್ಕೆ ಪಾಮರೋಸಾ ಎನ್ನುತ್ತಾರೆ. ಎಣ್ಣೆಗೆ ಗುಲಾಬಿಯನ್ನು ಹೋಲುವ ವಾಸನೆ, ಹಿಂದೆಯೇ ಒಣಹುಲ್ಲಿನ ಸಣ್ಣ ಎಳೆ. ಹತ್ತೊಂಬತ್ತನೆಯ ಶತಮಾನದಲ್ಲಿ ಖಾನದೇಶ, ನಿಮಾಡ ಕಡೆಯ ರೋಶಾ ಎಣ್ಣೆ ಮುಂಬೈ ಬಂದರಿನಿಂದ ಕೆಂಪು ಸಮುದ್ರದ ದಾರಿ ಹಿಡಿದು ಕಾನ್‌ಸ್ಟಾಂಟಿನೋಪಲ್ ಸೇರುತ್ತಿತ್ತು. ಅಲ್ಲಿ ಅದನ್ನು ಬಲ್ಗೇರಿಯದ ಗುಲಾಬಿ ಅತ್ತರಿಗೆ ಬೆರೆಸುತ್ತಿದ್ದರು. ಎಲ್ಲಿಂದ ಬಂತೆಂಬುದು ಮರೆಯಾಗಿ ‘ಟರ್ಕಿಶ್ ಜೆರೇನಿಯಂ ಎಣ್ಣೆ’ ಎಂಬ ಹೆಸರೂ ಅಂಟಿಕೊಂಡಿತ್ತು. ಒಣನೆಲದ ಹುಲ್ಲಿಗೆ ಸ್ವಂತ ಹೆಸರಲ್ಲಿ ಮಾರಾಟವಾಗುವ ಭಾಗ್ಯ ಆಗಲೂ ಇರಲಿಲ್ಲ.

ರೋಶಾದಲ್ಲಿ ಮೋತಿಯಾ ಮತ್ತು ಸೋಫಿಯಾ ಎಂದು ಎರಡು ಬಗೆ. ನೋಡಲು ಎರಡೂ ಒಂದೇ, ವಾಸನೆಯಲ್ಲಿ ಬೇರೆ ಬೇರೆ. ಮೋತಿಯಾ ಬಿಡಿಬಿಡಿಯಾಗಿ ಬೆಳೆಯುತ್ತದೆ. ಅದಕ್ಕೆ ಬಿಸಿಲು ಬೀಳುವ, ನೀರು ನಿಲ್ಲದ ಇಳಿಜಾರು ಬೇಕು. ಒಳ್ಳೆಯ ಮೋತಿಯಾ ಎಣ್ಣೆಯಲ್ಲಿ ಗುಲಾಬಿ ವಾಸನೆ ಕೊಡುವ ಜೆರಾನಿಯಾಲ್ ಅಂಶ ಶೇ 75ರಿಂದ 85. ಸೋಫಿಯಾ ತೇವದ ತಗ್ಗಿನಲ್ಲಿ ದಟ್ಟವಾಗಿ ಎದ್ದು ನಿಲ್ಲುತ್ತದೆ. ಅದರ ಎಣ್ಣೆಯಲ್ಲಿ ಜೆರಾನಿಯಾಲ್ ಕಡಿಮೆ, ವಾಸನೆ ಶುಂಠಿಯ ಕಡೆಗೆ ವಾಲುತ್ತದೆ, ದರವೂ ಕೆಳಗೆ. ‘ರೋಶಾ ಬೀಜ’ ಎಂದಷ್ಟೇ ಹೇಳಿ ಕೊಡುವವರಿಂದ ಕೊಂಡರೆ ಹೊಲದಲ್ಲಿ ಬಂದದ್ದು ಯಾವುದೆಂದು ತಿಳಿಯುವುದು ಮೊದಲ ಬಟ್ಟಿ ಇಳಿದ ಮೇಲೆ. ಆ ಹೊತ್ತಿಗೆ ನಾಲ್ಕು ವರ್ಷ ನಿಲ್ಲುವ ಬೆಳೆ ಬೇರೂರಿರುತ್ತದೆ. ಹಾಗಾಗಿ ತೃಷ್ಣಾ, ಪಿಆರ್‌ಸಿ-1ರಂತಹ ಹೆಸರುಳ್ಳ ತಳಿಯ ಬೀಜ ಅಥವಾ ಸಸಿಯನ್ನೇ ಕೇಳಿ ಪಡೆಯಬೇಕು.

ಗುಡ್ಡದಲ್ಲಿ ಮೂಗಿಗೆ ಬೀಳುವುದೆಲ್ಲ ಎಣ್ಣೆಯಾಗಿ ಇಳಿಯುವುದಿಲ್ಲ. ತಂಗಡಿ ಹೂ ಕಣ್ಣಿಗೆ ಹಬ್ಬ, ಬಟ್ಟಿಯಲ್ಲಿ ಅದರಿಂದ ಹುಟ್ಟುವುದು ಏನೂ ಇಲ್ಲ. ಮಲ್ಲಿಗೆ, ಸುಗಂಧರಾಜದ ನಾಜೂಕು ಹಬೆಯ ಶಾಖಕ್ಕೆ ಕೆಡುತ್ತದೆ. ಅವುಗಳಿಗೆ ಹೆಕ್ಸೇನ್‌ನಂತಹ ದ್ರಾವಕ ಬೇಕು, ಮೊದಲು ಮೇಣದಂತಹ ಗಟ್ಟಿ ತೆಗೆದು ಆಮೇಲೆ ಆಲ್ಕೋಹಾಲಿನಲ್ಲಿ ತೊಳೆಯಬೇಕು. ಇದು ಹಳ್ಳಿಯ ಶೆಡ್ಡಿನ ಕೆಲಸವಲ್ಲ, ಬೆಂಕಿಯ ಅಪಾಯ ಬೇರೆ. ಹಬೆಗೆ ಜಗ್ಗದೆ ನಿಲ್ಲುವುದು ಹುಲ್ಲು, ಬೇರು, ಕಟ್ಟಿಗೆ ಮತ್ತು ದವನ, ಕಾಮಕಸ್ತೂರಿಯಂತಹ ಎಲೆಗಿಡ. ಇನ್ನು ಲೋಬಾನವನ್ನು ನಮ್ಮ ಗುಡ್ಡದ್ದೇ ಎಂದುಕೊಂಡವರು ಬಹಳ. ಅದು ಸುಮಾತ್ರಾ, ಲಾವೋಸ್ ಕಡೆಯ ಮರದ ಅಂಟು.

ಕಾಡಿನಿಂದ ತರುವ ಯೋಚನೆಗೆ ಕಾನೂನೇ ಅಡ್ಡ ನಿಲ್ಲುತ್ತದೆ. ಚಿಂಚೋಳಿಯ ಸುಮಾರು 134 ಚದರ ಕಿ.ಮೀ. ಕಾಡು 2011ರಲ್ಲಿ ವನ್ಯಜೀವಿ ಧಾಮವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 29ನೇ ಕಲಮಿನ ಪ್ರಕಾರ ಧಾಮದಿಂದ ಅರಣ್ಯ ಉತ್ಪನ್ನ ಹೊರತರಲು ಮುಖ್ಯ ವನ್ಯಜೀವಿ ಪಾಲಕರ ಅನುಮತಿ ಬೇಕು, ವ್ಯಾಪಾರಕ್ಕೆಂದು ಅದು ಸಿಗುವಂಥದ್ದಲ್ಲ. ಕಾನೂನು ಬದಿಗಿಟ್ಟರೂ ಕಾಡುಹುಲ್ಲಿನಲ್ಲಿ ಮೋತಿಯಾ, ಸೋಫಿಯಾ ಬೆರೆತೇ ಇರುವುದರಿಂದ ಒಂದು ಬಟ್ಟಿಯಂತೆ ಇನ್ನೊಂದು ಬರುವುದಿಲ್ಲ. ‘ಕಾಡಿನಿಂದ ಕೈಯಾರೆ ಆರಿಸಿದ್ದು’ ಎಂದು ಲೇಬಲ್ ಇದ್ದರೆ ಮೆಚ್ಚುವ ಮೊದಲು ಪರವಾನಗಿ ಕೇಳುವುದು ಲೇಸು.

ಎರಿ ಬೇಡ, ಮಡ್ಡಿ ಸಾಕು

ತೊಗರಿ ಬೆಳೆಯುವ ಎರಿ ಹೊಲಕ್ಕೆ ಹುಲ್ಲು ಹಾಕಿಸುವುದು ತಪ್ಪು ಸಲಹೆ. ಒಂದು ಕಡೆ ಒಳ್ಳೆಯ ಬೆಳೆ ಕಳೆದುಕೊಂಡಂತೆ, ಇನ್ನೊಂದು ಕಡೆ ಮಳೆಗಾಲದಲ್ಲಿ ನೀರು ಹಿಡಿಯುವ ಕಪ್ಪು ಮಣ್ಣಿನಲ್ಲಿ ರೋಶಾದ ಬೇರು ಕೊಳೆಯುತ್ತದೆ. ಬೀದರ, ಔರಾದ, ಚಿಂಚೋಳಿ ಕಡೆಯ ಗರಸು ಮಿಶ್ರಿತ ಮಸಾರಿ, ಯಾದಗಿರಿ ಗುಡ್ಡಗಳ ಬುಡದ ಮರಳು ಕೆಂಪು, ಜೋಳವೂ ಸರಿಯಾಗಿ ಬಾರದ ಮಡ್ಡಿ ಇದಕ್ಕೆ ಸಾಕು. ವರ್ಷಕ್ಕೆ 700ರಿಂದ 900 ಮಿ.ಮೀ. ಮಳೆ ಈ ಹುಲ್ಲಿಗೆ ಕಡಿಮೆಯೇನಲ್ಲ.

ಬೀಜ ಬಹಳ ಸಣ್ಣದು. ಮರಳಿನಲ್ಲಿ ಕಲಸಿ, ಏರುಮಡಿಯಲ್ಲಿ ಮೇಲೆಮೇಲೆ ಬಿತ್ತಬೇಕು, ಒಂದು ಸೆಂ.ಮೀ.ಗಿಂತ ಆಳಕ್ಕೆ ಹೋದರೆ ಮೊಳಕೆ ಮೇಲೆ ಬರುವುದಿಲ್ಲ. ಎಕರೆಗೆ ಒಂದು ಕೆ.ಜಿ. ಬೀಜದ ಸಸಿಮಡಿ ಸಾಕು. ಮೇ ಕೊನೆಯಲ್ಲಿ ಮಡಿ ಮಾಡಿದರೆ ಜುಲೈ ಮಳೆಯಲ್ಲಿ ನಾಟಿ, ಸಾಲಿನಿಂದ ಸಾಲಿಗೆ 60 ಸೆಂ.ಮೀ., ಗಿಡದಿಂದ ಗಿಡಕ್ಕೆ 30. ಮೊದಲ ಎರಡು ತಿಂಗಳು ಕಳೆ ತೆಗೆಯಲೇಬೇಕು. ಹುಲ್ಲಿನ ನಡುವೆ ಎದ್ದ ಬೇರೆ ಹುಲ್ಲು ಆಮೇಲೆ ಕುಡುಗೋಲಿಗೆ ಗೊತ್ತಾಗುವುದಿಲ್ಲ, ಬಟ್ಟಿಗೂ ಅದೇ ಹೋಗುತ್ತದೆ.

ಕೊಯ್ಲಿನ ಸಮಯದ ಮೇಲೇ ಎಲ್ಲ ನಿಂತಿದೆ. ರೋಶಾದ ಎಣ್ಣೆ ಹೆಚ್ಚಾಗಿ ಇರುವುದು ಹೂತೆನೆಯಲ್ಲಿ, ಆಮೇಲೆ ಎಲೆಯಲ್ಲಿ, ದಂಟಿನಲ್ಲಿ ಬಹಳ ಕಡಿಮೆ. ಅರ್ಧಕ್ಕರ್ಧ ಗಿಡ ಹೂ ಬಿಟ್ಟ ಮೇಲೆ ಶುರುಮಾಡಿ, ಬೀಜ ಕಟ್ಟುವುದರೊಳಗೆ ಮುಗಿಸಬೇಕು. ನೆಲದಿಂದ ಒಂದು ಗೇಣು ಬಿಟ್ಟು ಕೊಯ್ಯಬೇಕು, ಬುಡದ ದಂಟು ಬಟ್ಟಿಯ ಜಾಗ ತಿನ್ನುವುದಕ್ಕೇ ಹೊರತು ಎಣ್ಣೆಗಲ್ಲ. ಕೊಯ್ದ ಹುಲ್ಲನ್ನು ನೆರಳಲ್ಲಿ ಒಂದು ದಿನ ಬಾಡಿಸಿದರೆ ನೀರಿನಂಶ ಇಳಿದು ಬಟ್ಟಿಯಲ್ಲಿ ಹೆಚ್ಚು ಹಿಡಿಸುತ್ತದೆ. ರಾಶಿ ಹಾಕಿಟ್ಟರೆ ಒಳಗೆ ಕಾವೆದ್ದು ಹುಳಿ ವಾಸನೆ ಎಣ್ಣೆಗೆ ಇಳಿಯುತ್ತದೆ. ಆಮೇಲೆ ಅದನ್ನು ತೆಗೆಯುವ ಉಪಾಯವಿಲ್ಲ.

ಹಸಿ ಹುಲ್ಲಿನ ತೂಕಕ್ಕೆ ಎಣ್ಣೆ ಸುಮಾರು ಶೇ 0.5. ಮಳೆಯಾಶ್ರಯದಲ್ಲಿ ಎಕರೆಗೆ ವರ್ಷಕ್ಕೆ 15ರಿಂದ 20 ಕೆ.ಜಿ., ನೀರಾವರಿಯಿದ್ದರೆ 30ರಿಂದ 40 ಕೆ.ಜಿ. ಎಣ್ಣೆ ನಿರೀಕ್ಷಿಸಬಹುದು. ಇದಕ್ಕಿಂತ ಬಹಳ ಹೆಚ್ಚು ಹೇಳುವವರು ಸಸಿ ಮಾರುವವರೇ ಇರುತ್ತಾರೆ.

ಬಟ್ಟಿಯ ಲೆಕ್ಕ

500 ಕೆ.ಜಿ. ಹಿಡಿಯುವ ಒಂದು ಬಟ್ಟಿ ಊರಿಗೆ ಬಂತೆಂದು ಇಟ್ಟುಕೊಳ್ಳಿ. ಒಂದು ಸಲಕ್ಕೆ ಎರಡೂವರೆ ಕೆ.ಜಿ. ಎಣ್ಣೆ. ಹಬೆ ಹರಿಯುವುದು ಎರಡರಿಂದ ಮೂರು ಗಂಟೆ, ತುಂಬಿ, ತುಳಿದು, ಬಿಚ್ಚಿ, ಬಳಿಯುವುದೂ ಸೇರಿದರೆ ಐದು ಗಂಟೆ. ದಿನಕ್ಕೆ ಮೂರು ಸಲ ಓಡಿಸಬಹುದು, ಅದೂ ರಾತ್ರಿ ಪಾಳಿಗೆ ಜನ ಸಿಕ್ಕರೆ. ಸರಿಯಾದ ಹೂವಿನ ಅವಧಿ ಹದಿನೈದು ದಿನ ಎಂದು ಹಿಡಿದರೆ 45 ಸಲ, ಅಂದರೆ 22.5 ಟನ್ ಹುಲ್ಲು. ಮಳೆಯಾಶ್ರಯದ ಒಂದು ಎಕರೆಯಲ್ಲಿ ಒಂದು ಕೊಯ್ಲಿಗೆ ಎರಡು ಟನ್ ಸಿಕ್ಕರೆ ಈ ಬಟ್ಟಿ ಸುಧಾರಿಸುವುದು ಹನ್ನೊಂದು ಎಕರೆ. ಊರಲ್ಲಿ ಒಟ್ಟಿಗೆ ಐವತ್ತು ಎಕರೆ ನಾಟಿ ಮಾಡಿಸಿದರೆ ಉಳಿದ ಮೂವತ್ತೊಂಬತ್ತು ಎಕರೆ ನಿಂತಲ್ಲೇ ಒಣಗುತ್ತದೆ. ಬಟ್ಟಿ ಅರವತ್ತು ಕಿ.ಮೀ. ದೂರದ ತಾಲ್ಲೂಕಿನಲ್ಲಿದ್ದರೆ ಕಥೆ ಇನ್ನೂ ಕೆಟ್ಟದು, ಏಕೆಂದರೆ ಸಾಗಿಸುವ ಹೊರೆಯಲ್ಲಿ ಶೇ 99.5 ಪಾಲು ಎಣ್ಣೆಯಲ್ಲದ ಹುಲ್ಲು. ಸಸಿ ಹಂಚುವ ಯೋಜನೆಗಳು ಎಷ್ಟು ಎಕರೆ ಎಂದು ಎಣಿಸುತ್ತವೆ, ಎಷ್ಟು ಬಟ್ಟಿ ಎಂದು ಎಣಿಸುವುದು ಅಪರೂಪ. ಹನ್ನೊಂದು ಎಕರೆಯ ಗುಂಪುಗಳಾಗಿ, ಎರಡು ವಾರದ ಅಂತರದಲ್ಲಿ ನಾಟಿ ಮಾಡಿದರೆ ಅದೇ ಬಟ್ಟಿ ಎರಡರಷ್ಟು, ಮೂರರಷ್ಟು ಹೊಲಕ್ಕೆ ಆಗಿಬರುತ್ತದೆ.

ನೀರಿನ ಲೆಕ್ಕವನ್ನೂ ಮೊದಲೇ ಹಾಕಬೇಕು. ಒಂದು ಸಲಕ್ಕೆ 200 ಲೀಟರ್ ಹಬೆ ತಣಿದು ನೀರಾಗುತ್ತದೆ ಎನ್ನೋಣ. ಹಬೆ ನೀರಾಗುವಾಗ ಲೀಟರಿಗೆ ಸುಮಾರು 540 ಕಿಲೋ ಕ್ಯಾಲರಿ ಶಾಖ ಬಿಡುತ್ತದೆ. ತಣಿಸುವ ನೀರು 20 ಡಿಗ್ರಿ ಬಿಸಿಯಾಗಲು ಬಿಟ್ಟರೆ ಇದಕ್ಕೆ 5,400 ಲೀಟರ್ ಬೇಕು. ಇಳಿದದ್ದನ್ನು 100ರಿಂದ 40 ಡಿಗ್ರಿಗೆ ತರಲು ಇನ್ನೂ 600. ಹೀಗೆ ಒಂದು ಬಟ್ಟಿಗೆ 6,000 ಲೀಟರ್. ಆ ನೀರು ಹಾಳಾಗುವುದಿಲ್ಲ, ಆರಿಸಿ ತಿರುಗಿಸಬಹುದು, ಆದರೆ ಅದಕ್ಕೆ ಹೊಂಡವೋ ತೊಟ್ಟಿಯೋ ಇರಬೇಕು. ಮೇ ತಿಂಗಳ 42 ಡಿಗ್ರಿ ಬಿಸಿಲಿನಲ್ಲಿ ತೊಟ್ಟಿಯ ನೀರೇ ಕಾದಿರುತ್ತದೆ. ಪುಣ್ಯಕ್ಕೆ ರೋಶಾದ ಕೊಯ್ಲು ಮಳೆ ಮುಗಿಯುವ ಹೊತ್ತಿಗೆ ಮತ್ತು ಚಳಿಗಾಲಕ್ಕೆ ಬರುತ್ತದೆ.

ಬಟ್ಟಿ ಕೆಡುವ ದಾರಿಗಳು ಕೆಲವೇ, ಎಲ್ಲ ಕಡೆ ಅವೇ. ಹುಲ್ಲನ್ನು ಒಂದು ಮೂಲೆಯಲ್ಲಿ ಒತ್ತಿ, ಇನ್ನೊಂದು ಕಡೆ ಸಡಿಲ ಬಿಟ್ಟರೆ ಹಬೆ ಸಡಿಲ ಕಡೆಯಿಂದಲೇ ನುಗ್ಗಿ ಹೋಗುತ್ತದೆ, ಒತ್ತಿದ ಹುಲ್ಲು ಎಣ್ಣೆ ಸಮೇತ ಹೊರಬರುತ್ತದೆ. ತಳದ ನೀರು ಜಾಲರಿ ಮೀರಿ ಹುಲ್ಲಿಗೆ ತಾಗಿದರೆ ಬೇಯಿಸಿದ ಸೊಪ್ಪಿನ ವಾಸನೆ, ನೀರು ಆರಿ ತಳ ಕಾದರೆ ಸೀದ ವಾಸನೆ. ಕಬ್ಬಿಣದ ಡ್ರಮ್ಮಿನಲ್ಲಿ ಇಳಿಸಿದ ಎಣ್ಣೆ ತುಕ್ಕಿನಿಂದ ಕಂದಾಗುತ್ತದೆ, ಒಳಗಿನ ಭಾಗ ಸ್ಟೀಲಿನದೇ ಆಗಬೇಕು. ಹಬೆ ತಣಿಸುವ ಕಂಡೆನ್ಸರಿನಿಂದ ಹನಿಯುವುದು ಕೈ ಸುಡುವಷ್ಟು ಬಿಸಿಯಿದ್ದರೆ ಎಣ್ಣೆ ಗಾಳಿಗೆ ಹೋಗುತ್ತಿದೆ ಎಂದೇ ಅರ್ಥ. ಜೆರಾನಿಯಾಲ್ ಒಂದಿಷ್ಟು ನೀರಿನಲ್ಲೂ ಕರಗುವುದರಿಂದ ಎಣ್ಣೆ ಬೇರೆಯಾದ ಮೇಲೆ ಉಳಿದ ನೀರನ್ನು ಚರಂಡಿಗೆ ಬಿಡದೆ ಮುಂದಿನ ಬಟ್ಟಿಯ ತಳಕ್ಕೆ ಹಾಕಬೇಕು. ಬಸಿದ ಎಣ್ಣೆಯ ತೇವವನ್ನು ನೀರಿಲ್ಲದ ಸೋಡಿಯಂ ಸಲ್ಫೇಟಿನಿಂದ ಹೀರಿಸಿ, ಸೋಸಿ, ಅಲ್ಯೂಮಿನಿಯಂ ಕ್ಯಾನಿನಲ್ಲಿ ಕತ್ತಿನವರೆಗೆ ತುಂಬಿಡಬೇಕು. ಅರ್ಧ ಖಾಲಿ ಕ್ಯಾನಿನೊಳಗಿನ ಗಾಳಿಯೇ ಎಣ್ಣೆಗೆ ಶತ್ರು. ಇಳಿಸಿ ಮುಗಿದ ಹುಲ್ಲು ಒಣಗಿದರೆ ಮುಂದಿನ ಬಟ್ಟಿಗೆ ಉರುವಲು.

ದವನ ಇದಕ್ಕಿಂತ ನಾಜೂಕು. ಅಕ್ಟೋಬರ್–ನವೆಂಬರಿನಲ್ಲಿ ಮಡಿ, ತಿಂಗಳಿಗೆ ನಾಟಿ, ಫೆಬ್ರುವರಿ–ಮಾರ್ಚಿಗೆ ಕೊಯ್ಲು. ಹಸಿ ಗಿಡದಲ್ಲಿ ಎಣ್ಣೆ ಶೇ 0.2ರಷ್ಟೇ, ದರ ಮಾತ್ರ ರೋಶಾದ ಹತ್ತಾರು ಪಟ್ಟು. ಹೂ ಬಿಡುವ ಹೊತ್ತಿಗೆ ಅಕಾಲಿಕ ಮಳೆ ಬಿದ್ದರೆ ಕೈಗೆ ಬಂದದ್ದು ಹೋದಂತೆ. ಬೀಜವೂ ಬೇಗ ಸಾಯುತ್ತದೆ, ಹಿಂದಿನ ವರ್ಷದ ಬೀಜ ನಂಬಬಾರದು. ಲಾವಂಚ, ಅಂದರೆ ಖಸ್, ಸಡಿಲ ಮಣ್ಣಿನ ಬೆಳೆ. ಎರಿಯಲ್ಲಿ ಹಾಕಿದರೆ ಬೇರು ಅಗೆಯುವಾಗ ಅರ್ಧ ನೆಲದಲ್ಲೇ ಕಿತ್ತುಳಿಯುತ್ತದೆ. 15ರಿಂದ 18 ತಿಂಗಳಿಗೆ ಅಗೆದು, ತೊಳೆದು, ಕತ್ತರಿಸಿ, ರಾತ್ರಿಯಿಡೀ ನೆನೆಸಿ ಬಟ್ಟಿಗಿಡಬೇಕು. ರೋಶಾಕ್ಕೆ ಮೂರು ಗಂಟೆ ಸಾಕಾದರೆ ಇದಕ್ಕೆ ಇಡೀ ಹಗಲು ರಾತ್ರಿ. ಎಣ್ಣೆಯ ತೂಕ ನೀರಿನ ಹತ್ತಿರ ಹತ್ತಿರ ಇರುವುದರಿಂದ ತಣ್ಣಗೆ ಇಳಿಸಿದರೆ ಹಾಲಿನಂತೆ ಬೆರೆತು ಬೇರೆಯಾಗದೆ ಕಾಡುತ್ತದೆ. ಇದನ್ನು ಮಾತ್ರ ತುಸು ಬೆಚ್ಚಗೇ ಇಳಿಸಬೇಕು. ರೋಶಾ ಕಲಿತವರು ಖಸ್‌ನಲ್ಲಿ ಎಡವುವುದು ಇಲ್ಲಿಯೇ.

ಮೊದಲ ಮಳೆಯ ವಾಸನೆ

ಗುಡ್ಡದ ವಾಸನೆ ಎಂದರೆ ನಮ್ಮ ಕಡೆ ಮೊದಲು ನೆನಪಾಗುವುದು ಕಾದ ನೆಲಕ್ಕೆ ಬಿದ್ದ ಮಳೆ. ಇದರ ರಸಾಯನ ಬಿಡಿಸಿ 1964ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದವರು ಆಸ್ಟ್ರೇಲಿಯದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್. ಬೇಸಿಗೆಯಲ್ಲಿ ಕಲ್ಲು, ಮಣ್ಣು ಹೀರಿಕೊಂಡ ಎಣ್ಣೆಯಂಶ ತೇವಕ್ಕೆ ಬಿಡುಗಡೆಯಾಗುತ್ತದೆ. ಜೊತೆಗೆ ಮಣ್ಣಿನ ಸೂಕ್ಷ್ಮಜೀವಿಗಳು ಹುಟ್ಟಿಸುವ ಜಿಯೋಸ್ಮಿನ್ ಇದೆ. ಲಕ್ಷ ಕೋಟಿಯಲ್ಲಿ ಕೆಲವೇ ಪಾಲು ಇದ್ದರೂ ಅದು ನಮ್ಮ ಮೂಗಿಗೆ ತಿಳಿಯುತ್ತದೆ. ವಿಜ್ಞಾನಿಗಳು ಬರೆಯುವ ಎಷ್ಟೋ ಮೊದಲೇ ಉತ್ತರ ಪ್ರದೇಶದ ಅತ್ತರಿನ ಊರಾದ ಕನೌಜಿನವರು ಇದನ್ನು ಮಿಟ್ಟಿ ಅತ್ತರ್ ಮಾಡಿ ಮಾರುತ್ತಿದ್ದರು. ಒಣಗಿಸಿ ಸುಟ್ಟ ಮಣ್ಣಿನ ಬಿಲ್ಲೆಗಳನ್ನು ತಾಮ್ರದ ದೇಗಿನಲ್ಲಿ ನೀರಿನೊಡನೆ ಕಾಯಿಸುತ್ತಾರೆ. ಹಬೆಯನ್ನು ಬಿದಿರ ಕೊಳವೆಯಿಂದ ಗಂಧದೆಣ್ಣೆ ಇರುವ ಭಪ್ಕಾ ಎಂಬ ಪಾತ್ರೆಗೆ ಬಿಡುತ್ತಾರೆ. ನೀರು ಬಸಿದು, ಅದೇ ಎಣ್ಣೆಗೆ ಮತ್ತೆ ಮತ್ತೆ ಹೊಸ ಮಣ್ಣಿನ ಹಬೆ. ಬೀದರಿನ ಕೆಂಪು ಮಣ್ಣಿನಿಂದ ಇದನ್ನು ಮಾಡಬಾರದೆಂದೇನಿಲ್ಲ, ಆದರೆ ಮಣ್ಣನ್ನು ಬೇಸಿಗೆಯ ಕೊನೆಯಲ್ಲಿ, ಮಳೆಗೆ ಮುಂಚೆಯೇ ಎತ್ತಬೇಕು. ಖರ್ಚೆಲ್ಲ ಇರುವುದು ಮಣ್ಣಿನಲ್ಲಲ್ಲ, ಗಂಧದೆಣ್ಣೆಯಲ್ಲಿ. ಕೆ.ಜಿ.ಗೆ ಒಂದು ಲಕ್ಷ ರೂ. ಎಂದು ಕಡಿಮೆಯೇ ಹಿಡಿದರೂ 11.66 ಗ್ರಾಂನ ಒಂದು ತೊಲಕ್ಕೆ ಬರೀ ಎಣ್ಣೆಯ ಖರ್ಚು 1,166 ರೂ. ಇನ್ನೂರು ರೂಪಾಯಿಗೆ ತೊಲ ‘ಅಸಲಿ ಮಿಟ್ಟಿ’ ಎಲ್ಲಿ ಸಿಕ್ಕರೂ ಅದರಲ್ಲಿರುವುದು ಪ್ಯಾರಾಫಿನ್ ಅಥವಾ ವಾಸನೆಯಿಲ್ಲದ ಇನ್ಯಾವುದೋ ದ್ರಾವಕ.

ಎಣ್ಣೆಗಳನ್ನು ಕೂಡಿಸುವುದು ಹೇಗೆ? ಒಣ ಗುಡ್ಡದ ಗುಣ ಬರಬೇಕೆಂದರೆ 10 ಗ್ರಾಂ ಮಿಶ್ರಣಕ್ಕೆ ಹೀಗೊಂದು ಅಳತೆ ಇಟ್ಟುಕೊಳ್ಳಬಹುದು: ರೋಶಾ 2.5 ಗ್ರಾಂ, ಶ್ರೀಗಂಧ 2.5, ಖಸ್ 2, ಮಿಟ್ಟಿ ಅತ್ತರ್ 1.5, ನಾಗರಮೋಥಾ (ಜೇಕಿನ ಗಡ್ಡೆಯ ಎಣ್ಣೆ) 0.5, ಲೋಬಾನ 0.5, ನಿಂಬೆಹುಲ್ಲು 0.3, ದವನ 0.2. ದವನ ಇದಕ್ಕಿಂತ ಹೆಚ್ಚಾದರೆ ಹಣ್ಣಿನ ಸಿಹಿ ಮೇಲೆದ್ದು ಗುಡ್ಡ ಹೋಗಿ ಮಿಠಾಯಿ ಅಂಗಡಿಯಾಗುತ್ತದೆ. ನಿಂಬೆಹುಲ್ಲು ಮೊದಲ ಅರ್ಧ ಗಂಟೆಗೆ ಮಾತ್ರ, ಅದು ಹಾರಿಹೋದ ಮೇಲೆ ರೋಶಾ, ಮರುದಿನ ಬಟ್ಟೆಯಲ್ಲಿ ಉಳಿಯುವುದು ಖಸ್ ಮತ್ತು ಗಂಧ. ಅಳತೆ ಹನಿಯಲ್ಲಿ ಬೇಡ. ಖಸ್‌ನ ಹನಿ ದಪ್ಪ, ನಿಂಬೆಹುಲ್ಲಿನ ಹನಿ ತೆಳು, 0.01 ಗ್ರಾಂ ತೋರಿಸುವ ತಕ್ಕಡಿಯೇ ಬೇಕು. ಮಿಶ್ರಣವನ್ನು ಎರಡು ವಾರ ಕತ್ತಲಲ್ಲಿಟ್ಟು, ಶೇ 15ರ ತೀವ್ರತೆ ಬೇಕಾದರೆ 56.7 ಗ್ರಾಂ ಶೇ 95ರ ಆಲ್ಕೋಹಾಲ್ ಸೇರಿಸಿ ಇನ್ನೂ ನಾಲ್ಕು ವಾರ ಬಿಡಬೇಕು. ಆಮೇಲೆ ಒಂದೆರಡು ದಿನ ಫ್ರಿಜ್ಜಿನಲ್ಲಿಟ್ಟು, ತಣ್ಣಗಿರುವಾಗಲೇ ಸೋಸಬೇಕು. ಬೆಚ್ಚಗಾದ ಮೇಲೆ ಸೋಸಿದರೆ ಲೋಬಾನದ ಗಷ್ಟು ಶೀಷೆಯಲ್ಲೇ ಮತ್ತೆ ಕೂರುತ್ತದೆ.

ಮಾರುವುದಾದರೆ ಎರಡು ಬಾಗಿಲು ತಟ್ಟಬೇಕು. ಆಲ್ಕೋಹಾಲಿಗೆ ಅಬಕಾರಿ ಇಲಾಖೆ, ತಯಾರಿಕೆಗೆ 2020ರ ಸೌಂದರ್ಯವರ್ಧಕ ನಿಯಮಗಳ ಅಡಿಯ ಪರವಾನಗಿ. ಎಣ್ಣೆಯಲ್ಲೇ ಮಾಡುವ ಅತ್ತರಿಗೆ ಮೊದಲನೆಯದು ತಪ್ಪುತ್ತದೆ, ಎರಡನೆಯದು ತಪ್ಪುವುದಿಲ್ಲ. ‘ನೈಸರ್ಗಿಕ, ಆದ್ದರಿಂದ ಚರ್ಮಕ್ಕೆ ತೊಂದರೆಯಿಲ್ಲ’ ಎಂಬ ಜಾಹೀರಾತಿನ ಮಾತು ಶುದ್ಧ ಸುಳ್ಳು. ಮೇಲಿನ ಅಳತೆಯಲ್ಲಿ ರೋಶಾ ಮಿಶ್ರಣದ ಕಾಲು ಭಾಗ, ಶೇ 15ಕ್ಕೆ ಇಳಿಸಿದಾಗ ಶೇ 3.75, ಅದರಲ್ಲಿ ಜೆರಾನಿಯಾಲ್ ಸುಮಾರು ಶೇ 3. ಚರ್ಮದ ಮೇಲೆ ಉಳಿಯುವ ಉತ್ಪನ್ನದಲ್ಲಿ ಜೆರಾನಿಯಾಲ್ ಶೇ 0.001 ಮೀರಿದರೆ ಯುರೋಪಿನಲ್ಲಿ ಲೇಬಲ್ ಮೇಲೆ ಅದರ ಹೆಸರು ಬರೆಯಲೇಬೇಕು. ಹೀಗೆ ಹೆಸರಿಸಬೇಕಾದ ಅಂಶಗಳ ಪಟ್ಟಿ 2023ರಲ್ಲಿ 80 ದಾಟಿ ಬೆಳೆಯಿತು. ಹೊಸ ಉತ್ಪನ್ನಗಳಿಗೆ ಅದು 2026ರ ಜುಲೈ 31ರಿಂದ ಅನ್ವಯ. ರಫ್ತಿನ ಆಸೆ ಇರುವವರು ಎಣ್ಣೆಯೊಳಗಿನ ಪ್ರತಿ ಅಂಶದ ಶೇಕಡಾವಾರು ವರದಿ ಇಟ್ಟುಕೊಳ್ಳದೆ ಮುಂದೆ ಹೋಗುವಂತಿಲ್ಲ.

ದುಡ್ಡು ಎಲ್ಲಿ ನಿಲ್ಲುತ್ತದೆ ಎಂಬುದಕ್ಕೂ ಅದೇ ಶೀಷೆ ಸಾಕ್ಷಿ. ರೋಶಾ ಎಣ್ಣೆಗೆ ಕೆ.ಜಿ.ಗೆ 2,500 ರೂ. ಹಿಡಿದರೆ 66.7 ಗ್ರಾಂ ಸುಗಂಧದೊಳಗಿನ ಎರಡೂವರೆ ಗ್ರಾಂಗೆ ಸಿಗುವುದು 6 ರೂ. 25 ಪೈಸೆ. ಶೀಷೆ ಸಾವಿರಕ್ಕೆ ಹೋಗಲಿ, ಮೂರು ಸಾವಿರಕ್ಕೆ ಹೋಗಲಿ, ಹುಲ್ಲು ಬೆಳೆದವರಿಗೆ ಇಷ್ಟೇ. ಡ್ರಮ್ಮಿನಲ್ಲಿ ಎಣ್ಣೆ ಮಾರುವವರು ಖರೀದಿದಾರ ಹೇಳಿದ ದರಕ್ಕೆ ಒಪ್ಪುವವರಾಗಿಯೇ ಉಳಿಯುತ್ತಾರೆ. ಬಟ್ಟಿ ರೈತ ಉತ್ಪಾದಕ ಕಂಪನಿಯದ್ದಾಗಿದ್ದು, ಕೊಯ್ಲಿನ ದಿನ, ಹೊಲ, ತಳಿ, ಬಟ್ಟಿಯ ಸಂಖ್ಯೆ ಬರೆದ ಎಣ್ಣೆಯಾದರೆ ಮಾತು ಬೇರೆ. ಸಣ್ಣ ತಯಾರಕರು ಗುಡ್ಡದ ಹೆಸರಿಗೆ ದುಡ್ಡು ಪಡೆಯುತ್ತಿದ್ದಾರೆ ಎಂದಾದರೆ ಆ ಹೆಸರನ್ನು ರುಜುವಾತು ಮಾಡುವ ಕಾಗದ ಇರುವುದು ಬಟ್ಟಿಯ ಮನೆಯಲ್ಲಿ, ಅದಕ್ಕೂ ದರ ಕೇಳಬಹುದು.

ಪರೀಕ್ಷೆ ಊರಿನಿಂದಲೇ ಶುರುವಾಗಲಿ. ಒಂದು ಮಿ.ಲೀ. ರೋಶಾ ಎಣ್ಣೆ ಎರಡು ಮಿ.ಲೀ. ಶೇ 70ರ ಆಲ್ಕೋಹಾಲಿನಲ್ಲಿ ತಿಳಿಯಾಗಿ ಕರಗಬೇಕು. ಮಬ್ಬಾದರೆ ಕೊಬ್ಬರಿ ಎಣ್ಣೆಯೋ ಸೀಮೆಎಣ್ಣೆಯೋ ಸೇರಿದೆ. ಫ್ರೀಜರಿನಲ್ಲಿ ಬಿಳಿಯ ಗಟ್ಟಿ ಕಂಡರೆ ಕೊಬ್ಬರಿಯೇ. ಸಾಂದ್ರತೆ 0.88ರಿಂದ 0.89ರೊಳಗೆ ಇರಬೇಕು. ಆದರೆ ಕಾರ್ಖಾನೆಯ ಜೆರಾನಿಯಾಲ್ ಬೆರೆಸಿದ್ದನ್ನು ಇವ್ಯಾವೂ ಹಿಡಿಯುವುದಿಲ್ಲ, ಅದಕ್ಕೆ ಎಣ್ಣೆಯ ಅಂಶಗಳನ್ನು ಬಿಡಿಬಿಡಿಯಾಗಿ ತೋರಿಸುವ ಗ್ಯಾಸ್ ಕ್ರೊಮಟೋಗ್ರಫಿ ಪರೀಕ್ಷೆಯೇ ಬೇಕು. ಔಷಧ ಮತ್ತು ಸುಗಂಧ ಸಸ್ಯಗಳ ಕೇಂದ್ರ ಸಂಸ್ಥೆ ಸಿಮ್ಯಾಪ್‌ನ ಸಂಶೋಧನಾ ಕೇಂದ್ರಗಳು ಬೆಂಗಳೂರಿನಲ್ಲೂ ಹೈದರಾಬಾದಿನಲ್ಲೂ ಇವೆ, ಬೀದರ, ಚಿಂಚೋಳಿಯವರಿಗೆ ಹೈದರಾಬಾದೇ ಹತ್ತಿರ. ಪ್ರತಿ ಬಟ್ಟಿಯಿಂದ ಹತ್ತು ಮಿ.ಲೀ.ನ ಎರಡು ಕಂದು ಶೀಷೆ ತುಂಬಿ, ಮೊಹರು ಹಾಕಿ, ಒಂದನ್ನು ಪರೀಕ್ಷೆಗೆ ಕಳಿಸಬೇಕು. ಇನ್ನೊಂದು ರೈತರ ಕಡೆಯೇ ಇರಬೇಕು. ಡ್ರಮ್ಮು ಲಾರಿ ಹತ್ತಿದ ಮೇಲೆ ‘ಜೆರಾನಿಯಾಲ್ ಕಮ್ಮಿ ಬಂತು’ ಎಂದು ಖರೀದಿದಾರ ದರ ಕತ್ತರಿಸಿದರೆ ತಿರುಗಿ ಪರೀಕ್ಷೆ ಮಾಡಿಸಲು ಉಳಿಯುವ ಸಾಕ್ಷಿ ಆ ಶೀಷೆಯೊಂದೇ.